‘ದುಷ್ಟ ಕುಲ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಿಮ್ಮ ಭಾನುವಾರದ ಪುರವಣಿಯಲ್ಲಿ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ ಒಂದು ಪುಟದ ಲೇಖನ ಬಂದಿತ್ತು. ಖುಷಿಯಿಂದ ಎರಡು ಸಲ ಓದಿದೆ. ಆದರೆ ಯುರೋಪಿನ ಜನಪದ ಕಥೆಗಳಿಂದ ಬಂದ ಮಾಯಾಶಕ್ತಿಯ ಜನ ಎಲ್ಫ್‌ಗಳಲ್ಲಿ ಕತ್ತಲ ಕಡೆಯವರಾದ ಡಾರ್ಕ್ ಎಲ್ಫ್‌ಗಳಿಗೆ ಅದರಲ್ಲಿ ಸಿಕ್ಕಿದ್ದು ಒಂದೇ ಸಾಲು: ನೆಲದಡಿ ವಾಸಿಸುವ, ಜೇಡ ದೇವತೆಯನ್ನು ಪೂಜಿಸುವ ದುಷ್ಟ ಕುಲ. ಅಷ್ಟೇ. ಮುಂದಿನ ವಾರ ಇದೇ ಓದುಗರ ಅಂಕಣದಲ್ಲಿ ಒಬ್ಬರು ಆ ಸಾಲನ್ನೇ ಹಿಡಿದುಕೊಂಡು, ಇಂಥ ಪೂಜೆ ಬಲಿಗಳ ಆಟ ಮಕ್ಕಳ ಕೈಗೆ ಕೊಡಬಾರದು ಎಂದು ಬರೆದರು. ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಆ ‘ದುಷ್ಟ ಕುಲ’ ಎಂಬ ಎರಡು ಪದ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸಬೇಡಿ.

ನಾನು 16 ವರ್ಷದಿಂದ ಗೇಮ್ ಮಾಸ್ಟರ್ ಆಗಿ ಆಟ ನಡೆಸುತ್ತಿದ್ದೇನೆ. ಮೇಜಿನ ಸುತ್ತ ಐದು ಜನ ಕೂರುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಉಳಿದ ಇಡೀ ಲೋಕ ನನ್ನ ಪಾಲಿಗೆ. ಬಾಗಿಲು ಕಾಯುವವನು, ರಾಣಿ, ಮಳೆ, ಗಾಳಿ ಎಲ್ಲವೂ ನಾನೇ. ತಾವು ಏನು ಮಾಡುತ್ತೇವೆ ಎಂದು ಅವರು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂದು 20 ಮುಖದ ದಾಳ ಹೇಳುತ್ತದೆ. ಇತ್ತೀಚಿನ ನಾಲ್ಕು ವರ್ಷದಿಂದ ನಾವು ಆಡುತ್ತಿರುವುದು ಒಂದೇ ಕಥೆ. ಅದರಲ್ಲಿ ಐವರೂ ಡಾರ್ಕ್ ಎಲ್ಫ್‌ಗಳು, ಒಂದೇ ಮನೆತನದವರು. ಹಾಗಾಗಿ ನಿಮ್ಮ ಆ ಸಾಲು ನನಗೆ ಯಾರೋ ನಮ್ಮ ಮನೆಯವರ ಬಗ್ಗೆ ಬರೆದ ಹಾಗೆ ಚುಚ್ಚಿತು.

ಮೊದಲು ಇವರು ಎಲ್ಲಿಂದ ಬಂದರು ಅಂತ ಹೇಳಿಬಿಡುತ್ತೇನೆ. ಇಂಥ ಆಟಗಳಲ್ಲಿ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಡಾರ್ಕ್ ಎಲ್ಫ್‌ಗಳಿಗೆ ಡ್ರೌ ಎಂದು ಹೆಸರು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್, ಆರ್ಕ್ನಿ ದ್ವೀಪಗಳ ಜನಪದ ಕಥೆಗಳಲ್ಲಿ ದಿಬ್ಬಗಳ ಒಳಗೆ ವಾಸಿಸುವ, ರಾತ್ರಿ ಮಾತ್ರ ಹೊರಗೆ ಬರುವ ‘ಟ್ರೌ’ಗಳಿದ್ದಾರೆ. ಡ್ರೌ ಅದೇ ಪದದ ಇನ್ನೊಂದು ರೂಪ. ಇನ್ನೂ ಹಿಂದಕ್ಕೆ ಹೋದರೆ, 13ನೇ ಶತಮಾನದ ಐಸ್‌ಲೆಂಡಿನಲ್ಲಿ ಸ್ನೊರಿ ಸ್ಟರ್ಲುಸನ್ ಬರೆದಿಟ್ಟ ನಾರ್ಸ್ ಪುರಾಣಗಳು ಸಿಗುತ್ತವೆ. ಬೆಳಕಿನ ಎಲ್ಫ್‌ಗಳು ಸೂರ್ಯನಿಗಿಂತ ಚೆಂದ, ಕತ್ತಲ ಎಲ್ಫ್‌ಗಳು ಡಾಂಬರಿಗಿಂತ ಕಪ್ಪು ಎನ್ನುತ್ತವೆ ಅವು. ಚೆಂದ ಒಂದು ಕಡೆ, ಕಪ್ಪು ಇನ್ನೊಂದು ಕಡೆ. ಈ ಗೆರೆ ಆಟ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಎಳೆದದ್ದು. ಇದರ ತಲೆನೋವಿಗೆ ಆಮೇಲೆ ಬರುತ್ತೇನೆ.

ಆಟದಲ್ಲಿ ಡ್ರೌಗಳು ಕಣ್ಣೆದುರು ಬಂದದ್ದು 1978ರಲ್ಲಿ. ಆಟವನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ದೈತ್ಯರ ಬಗ್ಗೆ ಮೂರು ಸಾಹಸಗಳನ್ನು, ಅಂದರೆ ಮೇಜಿನಲ್ಲಿ ಆಡಲು ಸಿದ್ಧಪಡಿಸಿದ ಕಥೆಗಳನ್ನು, ಬರೆದಿದ್ದರು. ಬೇರೆ ಬೇರೆ ಜಾತಿಯ ದೈತ್ಯರು ಒಟ್ಟಾಗಿ ಯಾಕೆ ದಾಳಿ ಮಾಡುತ್ತಿದ್ದಾರೆ ಎಂದು ಹುಡುಕಿಕೊಂಡು ಹೋದ ಆಟಗಾರರಿಗೆ, ಮೂರನೆಯ ಸಾಹಸದಲ್ಲಿ, ಬೆಂಕಿ ದೈತ್ಯರ ನೆಲೆಯ ತಳದಲ್ಲಿ, ಎಕ್ಲಾವ್ದ್ರಾ ಎಂಬ ಡ್ರೌ ಅರ್ಚಕಿ ಎದುರಾಗುತ್ತಾಳೆ. ದಾರ ಎಳೆಯುತ್ತಿದ್ದವಳು ಅವಳೇ. ಅಲ್ಲಿಂದ ದಾರಿ ಭೂಮಿಯ ಒಡಲಿಗೆ ಇಳಿದು ಎರೆಲ್ಹೈ-ಸಿನ್ಲು ಎಂಬ ಡ್ರೌ ನಗರ ಮುಟ್ಟುತ್ತದೆ. ಆ ನಗರದ ದೇವತೆ ಲೋಲ್ತ್. ಜೇಡಗಳ ರಾಣಿ.

ಈಗ ಒಂದು ವಿಷಯ ಗಮನಿಸಿ. ಆ ಎಕ್ಲಾವ್ದ್ರಾಗೆ ಲೋಲ್ತ್ ಮೇಲೆ ಭಕ್ತಿ ಇರಲಿಲ್ಲ. ಅವಳು ರಾಣಿಯಾಗಬೇಕು ಎಂದುಕೊಂಡಳು, ಲೋಲ್ತ್‌ನ ಅರ್ಚಕಿಯರು ಬೆಂಬಲ ಕೊಡಲಿಲ್ಲ. ಅದಕ್ಕೆ ಅವಳೂ ಅವಳ ಐಲ್ಸರ್ವ್ಸ್ ಮನೆತನವೂ ಬೇರೆ ದೇವರ ಕಡೆ ತಿರುಗಿದರು. ಹಳೆಯ ಕಾಲದ, ಹೆಸರಿಲ್ಲದ ಒಂದು ಪಂಚಭೂತ ದೇವರು. ಅಂದರೆ ಡ್ರೌಗಳ ಧರ್ಮ ನಮಗೆ ಪರಿಚಯವಾದ ಮೊದಲ ದಿನವೇ ಅದರೊಳಗೆ ಜಗಳವಿತ್ತು, ಪಂಥವಿತ್ತು, ದೇವರನ್ನು ಬದಲಾಯಿಸಿದವರಿದ್ದರು. ಅದೇ ನಗರದ ಬೀದಿಗಳಲ್ಲಿ ಈ ವ್ಯವಸ್ಥೆಯನ್ನೇ ದ್ವೇಷಿಸುವ ಹುಡುಗರ ಗುಂಪುಗಳೂ ಇದ್ದವು. ಎಲ್ಲರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ದುಷ್ಟರಾಗಿದ್ದರೆ ಇವರೆಲ್ಲ ಎಲ್ಲಿಂದ ಬಂದರು?

ಜನಕ್ಕೆ ಜಾಸ್ತಿ ಗೊತ್ತಿರುವ ಡ್ರೌ ನಗರ ಮೆಂಜೋಬೆರಾಂಜನ್. ಇದು ಎಡ್ ಗ್ರೀನ್‌ವುಡ್ ಕಟ್ಟಿದ, 1987ರಲ್ಲಿ ಪ್ರಕಟವಾದ ಫರ್ಗಾಟನ್ ರೆಲ್ಮ್ಸ್ ಎಂಬ ಲೋಕಕ್ಕೆ ಸೇರಿದ್ದು. 1988ರಲ್ಲಿ ಈ ಲೋಕದ ಒಂದು ಕಾದಂಬರಿಯಲ್ಲಿ ಕಾಣಿಸಿಕೊಂಡ ಡ್ರಿಜ್ಟ್ ಎಂಬ ಪಾತ್ರ ಹುಟ್ಟಿದ್ದು ಇಲ್ಲಿ. ಅವನ ಹೆಸರು ಕೇಳದ ಆಟಗಾರರು ಕಡಿಮೆ. ನಾನು ಅವನ ಕಥೆ ಹೇಳುವುದಿಲ್ಲ. ಅವನು ಬಿಟ್ಟು ಓಡಿಹೋದ ಊರಿನ ಕಥೆ ಹೇಳುತ್ತೇನೆ, ಯಾಕೆಂದರೆ ಓಡಿಹೋಗಲು ಆಗದವರೇ ಅಲ್ಲಿ ಜಾಸ್ತಿ.

ಆ ಊರು ಒಂದು ದೊಡ್ಡ ಗುಹೆ. ಸೂರ್ಯನಿಲ್ಲ. ಮಧ್ಯದಲ್ಲಿ ನಾರ್ಬೊಂಡೆಲ್ ಎಂಬ ಕಲ್ಲಿನ ಕಂಬವಿದೆ. ದಿನಕ್ಕೊಂದು ಸಲ ನಗರದ ಮಹಾಮಂತ್ರವಾದಿ ಬಂದು ಅದರ ಬುಡದಲ್ಲಿ ಮಂತ್ರದ ಬೆಂಕಿ ಹಚ್ಚುತ್ತಾನೆ. ಕಲ್ಲಿನ ಬಿಸಿ ನಿಧಾನಕ್ಕೆ ಮೇಲೇರುತ್ತದೆ. ಬಿಸಿಯನ್ನು ಕಾಣಬಲ್ಲ ಡ್ರೌಗಳ ಕಣ್ಣಿಗೆ ಅದು ಏರುವ ಬೆಳಕು. ಎಷ್ಟು ಎತ್ತರ ಬಂತು ಎಂದು ನೋಡಿ ಹೊತ್ತು ತಿಳಿಯುತ್ತಾರೆ. ನಮ್ಮ ಆಟ ಶುರುವಾಗುವುದೂ ಹಾಗೇ. ‘ನಾರ್ಬೊಂಡೆಲ್ ಮೊಣಕಾಲೆತ್ತರ ಬಂದಿದೆ’ ಎಂದು ನಾನು ಹೇಳಿದ ಕೂಡಲೇ ಮೇಜಿನ ಸುತ್ತ ಫೋನುಗಳು ಒಳಗೆ ಹೋಗುತ್ತವೆ.

ಊರನ್ನು ಆಳುವುದು ಎಂಟು ಮನೆತನಗಳ ಒಡತಿಯರು. ಅವರನ್ನು ಮೇಟ್ರನ್ ಮದರ್ ಎನ್ನುತ್ತಾರೆ. ಮೊದಲ ಸ್ಥಾನ ಬೈನ್ರೆ ಮನೆತನದ್ದು. ಕೆಳಗಿನ ಮನೆತನ ಮೇಲೇರಬೇಕಾದರೆ ಮೇಲಿನದನ್ನು ಅಳಿಸಬೇಕು. ಇಲ್ಲಿನ ಕಾನೂನು ಕೇಳಿ. ಒಂದು ಮನೆತನ ಇನ್ನೊಂದರ ಮೇಲೆ ರಾತ್ರಿ ಬಿದ್ದು, ಕುಲೀನರಲ್ಲಿ ಒಬ್ಬರನ್ನೂ ಉಳಿಸದೆ ಕೊಂದರೆ, ಅಪರಾಧವೇ ನಡೆದಿಲ್ಲ. ದೂರು ಕೊಡಲು ಆ ಮನೆಯ ಒಬ್ಬ ಮಗನೋ ಮಗಳೋ ಬದುಕಿ ಉಳಿದರೂ ಸಾಕು, ದಾಳಿ ಮಾಡಿದ ಮನೆತನವನ್ನೇ ಎಲ್ಲರೂ ಸೇರಿ ನಾಶ ಮಾಡುತ್ತಾರೆ. ತಪ್ಪು ಯಾವುದು? ಕೊಂದದ್ದಲ್ಲ. ಪೂರ್ತಿ ಕೊಲ್ಲದೆ ಬಿಟ್ಟದ್ದು. ಇದನ್ನು ಬರೆದವರು ಸುಮ್ನೆ ‘ಇವರು ಕ್ರೂರಿಗಳು’ ಎಂದು ಬರೆದು ಮುಗಿಸಬಹುದಿತ್ತು. ಹಾಗೆ ಮಾಡದೆ ಒಂದು ಕಾನೂನು ಬರೆದರು. ಮಕ್ಕಳನ್ನೂ ಬಿಡದೆ ಕೊಲ್ಲುವುದು ಯಾಕೆ ಅಲ್ಲಿ ಜಾಣತನವಾಗುತ್ತದೆ ಎಂದು ಆ ಕಾನೂನು ತೋರಿಸಿಕೊಡುತ್ತದೆ.

ಇನ್ನು ಶಾಲೆ. ಊರಿನ ಅಕಾಡೆಮಿಯಲ್ಲಿ ಮೂರು ವಿಭಾಗ. ಯೋಧರಿಗೆ ಮೆಲೀ-ಮ್ಯಾಗ್ತಿಯರ್, 10 ವರ್ಷ. ಮಂತ್ರವಾದಿಗಳಿಗೆ ಸೋರ್ಸಿಯರ್, 30 ವರ್ಷ. ಅರ್ಚಕಿಯರಿಗೆ ಅರಾಕ್-ಟಿನಿಲಿತ್, 50 ವರ್ಷ. ಪಾಠದಲ್ಲಿ ಕತ್ತಿವರಸೆ, ಮಂತ್ರದ ಜೊತೆಗೆ ದ್ವೇಷವನ್ನೂ ಕಲಿಸುತ್ತಾರೆ. ನೆಲದ ಮೇಲಿನ ಎಲ್ಫ್‌ಗಳು ನಮ್ಮನ್ನು ಬೆಳಕಿನಿಂದ ಓಡಿಸಿದರು, ಅವರೇ ನಿಜವಾದ ದುಷ್ಟರು ಎಂದು ವರ್ಷಗಟ್ಟಲೆ ತಲೆಗೆ ತುಂಬುತ್ತಾರೆ. ಅದಕ್ಕೂ ಮೊದಲು ಮನೆಯಲ್ಲಿ, ಗಂಡುಮಗು ಕಣ್ಣೆತ್ತಿ ಹೆಣ್ಣಿನ ಮುಖ ನೋಡಿದರೆ ಅಕ್ಕನ ಚಾಟಿ ಬೀಳುತ್ತದೆ. ಹಿರಿಯ ಅರ್ಚಕಿಯರ ಚಾಟಿಯ ತುದಿಯಲ್ಲಿರುವುದು ಜೀವಂತ ಹಾವಿನ ತಲೆಗಳು.

ನಿಮ್ಮ ಲೇಖಕರಿಗೆ ನನ್ನ ಒಂದೇ ಪ್ರಶ್ನೆ. ಕೆಟ್ಟತನ ರಕ್ತದಲ್ಲೇ ಬರುವುದಾದರೆ ಅದನ್ನು ಕಲಿಸಲು 10 ವರ್ಷದ ಶಾಲೆ ಯಾಕೆ ಬೇಕು? ಚಾಟಿ ಯಾಕೆ ಬೇಕು? ಮೀನಿಗೆ ಈಜು ಯಾರು ಕಲಿಸುತ್ತಾರೆ?

ಧರ್ಮದ ಬಗ್ಗೆ ಹೇಳಲೇಬೇಕು. ಎಲ್ಲ ನಿಂತಿರುವುದು ಅದರ ಮೇಲೆ. ನಮ್ಮ ಜಗತ್ತಿನಲ್ಲಿ ಪ್ರಾರ್ಥನೆಗೆ ಉತ್ತರ ಬರದಿದ್ದರೆ ಅದಕ್ಕೆ ನೂರು ಅರ್ಥ ಹೇಳಿಕೊಳ್ಳಬಹುದು. ಲೋಲ್ತ್‌ನ ಅರ್ಚಕಿಗೆ ಆ ಅವಕಾಶವಿಲ್ಲ. ಅವಳ ಮಂತ್ರಶಕ್ತಿ ಬರುವುದು ದೇವಿಯಿಂದ ನೇರವಾಗಿ. ದೇವಿ ಮುನಿಸಿಕೊಂಡರೆ ಪ್ರಾರ್ಥನೆ ಮುಗಿಸಿ ಏಳುವಾಗಲೇ ಗೊತ್ತಾಗುತ್ತದೆ: ಕೈ ಖಾಲಿ. ಮಂತ್ರವಿಲ್ಲದ ಮನೆತನಕ್ಕೆ ಗೋಡೆಯೇ ಇಲ್ಲದ ಹಾಗೆ. ಪಕ್ಕದ ಮನೆತನಕ್ಕೆ ಸುದ್ದಿ ಹೋದರೆ ಮುಗಿಯಿತು. ಆದ್ದರಿಂದ ಅರ್ಚಕಿ ಮೊದಲು ಮಾಡುವ ಕೆಲಸ ಅದನ್ನು ಮುಚ್ಚಿಡುವುದು. ಅಕ್ಕನಿಗೆ ಹೇಳುವುದಿಲ್ಲ, ಅಮ್ಮನಿಗಂತೂ ಹೇಳುವುದೇ ಇಲ್ಲ. ಪ್ರತಿಯೊಬ್ಬಳೂ ಒಂಟಿ. ದೇವಿಗೆ ಬೇಕಾಗಿರುವುದೂ ಅದೇ, ಅಲ್ವಾ? ಇಬ್ಬರು ಅರ್ಚಕಿಯರು ಕೂತು ಮನಸ್ಸು ಬಿಚ್ಚಿ ಮಾತಾಡಿದರೆ ಆ ಊರು ಒಂದು ವಾರ ಬಾಳುವುದಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಜೊತೆಗೆ ಪರೀಕ್ಷೆಯೂ ಇದೆ. ದೇವಿ ಪರೀಕ್ಷೆ ಒಡ್ಡುತ್ತಾಳೆ. ಸೋತವರು ಡ್ರೈಡರ್ ಆಗುತ್ತಾರೆ: ಸೊಂಟದ ಮೇಲೆ ಡ್ರೌ, ಕೆಳಗೆ ದೊಡ್ಡ ಜೇಡ. ಅಲ್ಲಿ ಜೇಡ ಪವಿತ್ರ, ಅದನ್ನು ಕೊಂದವರಿಗೆ ಮರಣದಂಡನೆ. ಆದರೂ ಅರ್ಧ ಜೇಡವಾಗುವುದು ಶಿಕ್ಷೆ! ಮೊದಮೊದಲು ಇದು ಬರೆದವರ ತಪ್ಪು ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಪೂಜಿಸುವ ರೂಪಕ್ಕೇ ಹೆದರಬೇಕು, ಆ ಧರ್ಮ ನಡೆಯುವುದೇ ಹಾಗೆ.

ಈಗ ನಮ್ಮ ಮೇಜಿನ ಮೇಲೆ ನಡೆದದ್ದನ್ನು ಹೇಳುತ್ತೇನೆ. ಮೆಂಜೋಬೆರಾಂಜನ್‌ನಲ್ಲಿ ಬದುಕಿರುವ ಇಬ್ಬರು ಗಂಡುಮಕ್ಕಳ ಮೇಲೆ ಮೂರನೆಯವನು ಹುಟ್ಟಿದರೆ ಅವನು ಲೋಲ್ತ್‌ಗೆ ಬಲಿ. ಇದು ಆ ಊರಿನ ಪದ್ಧತಿ. ನಮ್ಮ ಕಥೆಯ ಎರಡನೆಯ ವರ್ಷದಲ್ಲಿ ಒಡತಿಗೆ ಮೂರನೆಯ ಮಗ ಹುಟ್ಟುವ ಹೊತ್ತು ಬಂತು. ನನ್ನ ಗೆಳತಿಯೊಬ್ಬಳ ಪಾತ್ರ ಆ ಮನೆಯ ಹಿರಿಮಗಳು, ಆಗ ತಾನೇ 50 ವರ್ಷದ ಓದು ಮುಗಿಸಿ ಬಂದ ಅರ್ಚಕಿ. ಕತ್ತಿ ಹಿಡಿಯಬೇಕಾದವಳು ಅವಳೇ.

ಆ ಆಟಕ್ಕೆ ಒಂದು ವಾರ ಮೊದಲೇ ನಾನು ಐವರಿಗೂ ಹೇಳಿದ್ದೆ, ಇಂಥದ್ದು ಬರುತ್ತದೆ, ಬೇಡ ಅನ್ನಿಸಿದರೆ ಈಗಲೇ ಹೇಳಿ. ಮೇಜಿನ ನಡುವೆ ಎಕ್ಸ್ ಗುರುತಿನ ಕಾರ್ಡ್ ಇಟ್ಟಿದ್ದೆ. ಯಾರು ಅದನ್ನು ಮುಟ್ಟಿದರೂ ದೃಶ್ಯ ಅಲ್ಲಿಗೇ ನಿಲ್ಲುತ್ತದೆ, ಕಾರಣ ಕೇಳುವಂತಿಲ್ಲ. ಇದು ನಮ್ಮಲ್ಲಿ ಯಾವಾಗಲೂ ಇರುತ್ತದೆ. ಮಕ್ಕಳ ಬಗ್ಗೆ ಕಳವಳ ಪಟ್ಟ ಆ ಓದುಗರಿಗೆ ಇದನ್ನು ಹೇಳಬೇಕಿತ್ತು.

ಯಾರೂ ಕಾರ್ಡ್ ಮುಟ್ಟಲಿಲ್ಲ. ಗೆಳತಿ ನನ್ನನ್ನು ಕೇಳಿದಳು: ‘ಮಗುವಿನ ಹೆಸರೇನು?’

‘ಮೂರನೆಯ ಮಗನಿಗೆ ಹೆಸರಿಡುವುದಿಲ್ಲ’ ಎಂದೆ. ಅದು ಯಾವ ಪುಸ್ತಕದಲ್ಲೂ ಇಲ್ಲ. ಆ ಕ್ಷಣ ಬಾಯಿಗೆ ಬಂತು.

ಅವಳು ಕೈಯಲ್ಲಿದ್ದ ದಾಳವನ್ನು ಮೇಜಿನ ಮೇಲೆ ಇಟ್ಟಳು, ಉರುಳಿಸಲಿಲ್ಲ. ಅವಳು ಮಗುವನ್ನು ಎತ್ತಿಕೊಂಡು ಓಡುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಸುರಂಗ, ಕಾವಲುಗಾರರು, ಬೆನ್ನಟ್ಟುವ ಹಲ್ಲಿ ಸವಾರರು, ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದು ಹೇಳಿದಳು: ‘ನಾನು ಮಾಡುತ್ತೇನೆ. ನಾನು ಮಾಡದಿದ್ದರೆ ಅಮ್ಮ ಮಾಡುತ್ತಾಳೆ. ಆಮೇಲೆ ನನ್ನ ತಂಗಿಯ ಕೈಗೆ ಚಾಟಿ ಕೊಡುತ್ತಾಳೆ.’ ಅವತ್ತು ಅಲ್ಲಿಗೇ ನಿಲ್ಲಿಸಿದೆವು. ದೀಪ ಪೂರ್ತಿ ಹಾಕಿ, ಆಟದ ಮಾತು ಬಿಟ್ಟು, ಬೇರೆ ಏನೇನೋ ಮಾತಾಡುತ್ತಾ ತುಂಬಾ ಹೊತ್ತು ಕೂತೆವು.

ಆದರೆ ನಾನು ಹೇಳಬೇಕೆಂದಿರುವುದು ಆ ರಾತ್ರಿಯದ್ದಲ್ಲ, ಅದರ ನಂತರದ್ದು. ಮುಂದಿನ ಆಟಗಳಲ್ಲಿ ಆ ಅರ್ಚಕಿ ದೇವಿಯನ್ನು ಬಿಡುತ್ತಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆದದ್ದು ತಿರುಗುಮುರುಗು. ಅವಳ ಭಕ್ತಿ ಜಾಸ್ತಿಯಾಯಿತು. ಉಪವಾಸ ಮಾಡಿದಳು, ಎಲ್ಲರಿಗಿಂತ ಮೊದಲು ಗುಡಿಗೆ ಹೋದಳು, ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿದ ತಮ್ಮನನ್ನು ಹೊಡೆದಳು. ಒಂದು ದಿನ ಆಟ ಮುಗಿದ ಮೇಲೆ ನಾನು ಕೇಳಿದೆ, ಯಾಕೆ ಹೀಗೆ ಆಡುತ್ತಿದ್ದೀಯಾ? ಅವಳು ಹೇಳಿದಳು: ‘ದೇವಿ ಸುಳ್ಳಾದರೆ ಆ ಕೂಸು ಸುಮ್ನೆ ಸತ್ತ ಹಾಗೆ. ಅದನ್ನು ಒಪ್ಪಿಕೊಂಡರೆ ಇವಳಿಗೆ ಬದುಕಲು ಆಗುತ್ತಾ?’

ನನಗೆ ಬಾಯಿ ಕಟ್ಟಿತು. ಈ ಮಾತನ್ನು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ. ಯಾವ ನಿಯಮ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಆ ಪಾತ್ರ ದುಷ್ಟ ಕುಲದವಳು, ಅದಕ್ಕೇ ಕೊಂದಳು ಎಂದುಕೊಂಡಿದ್ದರೆ ನಮಗ್ಯಾರಿಗೂ ಇದು ಕಾಣುತ್ತಲೇ ಇರಲಿಲ್ಲ. ಅವಳು ಮಾಡಿದ್ದು ಕೆಟ್ಟದ್ದೇ. ನಾವ್ಯಾರೂ ಅದನ್ನು ಸಣ್ಣದು ಎನ್ನಲಿಲ್ಲ. ಆದರೆ ಹುಟ್ಟು ಅದನ್ನು ಮಾಡಿಸಲಿಲ್ಲ. ಅಮ್ಮ, ತಂಗಿ, ಗುಡಿ, ಭಯ, 50 ವರ್ಷದ ಪಾಠ, ಎಲ್ಲ ಸೇರಿ ಮಾಡಿಸಿದವು.

ಇಷ್ಟೆಲ್ಲ ಪ್ರೀತಿಯಿಂದ ಹೇಳಿದ ಮೇಲೆ ನನಗಿರುವ ಬೇಸರವನ್ನೂ ಹೇಳಬೇಕು. ನಾನು ಹೆಣ್ಣು. ಹೆಣ್ಣು ಆಳುವ ಒಂದು ಸಮಾಜವನ್ನು ಇಷ್ಟು ವಿವರವಾಗಿ ಕಟ್ಟಿದಾಗ ಅದನ್ನೇ ಯಾಕೆ ಎಲ್ಲಕ್ಕಿಂತ ಕ್ರೂರ ಮಾಡಿದರು? ಹೆಣ್ಣುಜೇಡ ಗಂಡನ್ನು ತಿನ್ನುತ್ತದೆ ಎಂಬ ಒಂದು ಎಳೆ ಹಿಡಿದು ಇಡೀ ರಾಜ್ಯ ನೇಯ್ದ ಹಾಗಿದೆ. ಹಳೆಯ ಪುಸ್ತಕಗಳಲ್ಲಿ ಅಧಿಕಾರವಿರುವ ಹೆಣ್ಣು ಅಂದರೆ ಚಾಟಿ ಹಿಡಿದ ಹೆಣ್ಣು, ಅಷ್ಟೇ. ನಾನು ಆಟ ನಡೆಸುವಾಗ ಇದನ್ನು ಬದಲಾಯಿಸಿಕೊಂಡೆ. ಹೆಣ್ಣು ಸ್ವಭಾವದಿಂದ ಕ್ರೂರಿ ಎನ್ನುವುದನ್ನು ತೆಗೆದುಹಾಕಿದೆ. ಗುಡಿಯ ಬಾಗಿಲು ಹೆಣ್ಣಿಗೆ ಮಾತ್ರ ತೆರೆದಿದೆ ಎನ್ನುವುದನ್ನು ಉಳಿಸಿಕೊಂಡೆ. ಆಸೆ ಇರುವವರೆಲ್ಲ ಆ ಒಂದೇ ಬಾಗಿಲಿಗೆ ನುಗ್ಗುತ್ತಾರೆ, ಒಬ್ಬರನ್ನೊಬ್ಬರು ತುಳಿಯುತ್ತಾರೆ. ಬಾಗಿಲು ಮುಚ್ಚಿಸಿಕೊಂಡ ಗಂಡಸರು ಮಂತ್ರವಿದ್ಯೆ ಕಡೆ ಹೋಗುತ್ತಾರೆ. ಆಗ ಎಲ್ಲವೂ ಅರ್ಥವಾಗುತ್ತದೆ, ಯಾರ ಸ್ವಭಾವವನ್ನೂ ಬೈಯಬೇಕಾಗಿಲ್ಲ.

ಇನ್ನು ಬಣ್ಣ. ಆ ‘ಡಾಂಬರಿಗಿಂತ ಕಪ್ಪು’ ಎಂಬುದನ್ನು ಆಟ ಹಾಗೇ ಎತ್ತಿಕೊಂಡು, ಅದರ ಮೇಲೆ ಶಾಪವನ್ನೂ ಹೇರಿತು. ಎಲ್ಫ್‌ಗಳ ದೇವರು ಕೊರೆಲ್ಲನ್‌ಗೆ ಲೋಲ್ತ್ ದ್ರೋಹ ಮಾಡಿದಳು, ಅವಳ ಕಡೆ ನಿಂತವರನ್ನು ಬೆಳಕಿನಿಂದ ಹೊರಗಟ್ಟಲಾಯಿತು ಎಂಬ ಕಥೆ. ತಪ್ಪು ಮಾಡಿದವರ ಮೈ ಕಪ್ಪು ಎಂದು ಓದುವಾಗ ಕಪ್ಪು ಮೈಯ ಮಗುವಿಗೆ ಹೇಗನ್ನಿಸುತ್ತದೆ ಎಂದು ದಶಕಗಳ ಕಾಲ ಯಾರೂ ಗಟ್ಟಿಯಾಗಿ ಕೇಳಿದಂತೆ ಕಾಣುವುದಿಲ್ಲ. 2020ರ ಜೂನ್‌ನಲ್ಲಿ ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಇದನ್ನು ಬಾಯಿಬಿಟ್ಟು ಒಪ್ಪಿಕೊಂಡರು. ಓರ್ಕ್‌ಗಳನ್ನು, ಡ್ರೌಗಳನ್ನು ರಾಕ್ಷಸರ ಹಾಗೆ ಚಿತ್ರಿಸಿದ್ದು ನಿಜ ಜಗತ್ತಿನ ಜನಾಂಗಗಳನ್ನು ಹೀಯಾಳಿಸಿದ ರೀತಿಯನ್ನೇ ನೆನಪಿಸುತ್ತದೆ, ಇನ್ನು ಮುಂದೆ ಬೇರೆ ಜನರಷ್ಟೇ ಸಂಕೀರ್ಣವಾಗಿ ತೋರಿಸುತ್ತೇವೆ ಎಂದರು. ಒಳ್ಳೆಯ ಹೆಜ್ಜೆ, ಮನಸಾರೆ ಒಪ್ಪುತ್ತೇನೆ.

ಆದರೆ ಮರುವರ್ಷ ಅವರು ಕಂಡುಕೊಂಡ ದಾರಿ ನನಗೆ ಸಾಲದು ಅನ್ನಿಸಿತು. 2021ರಲ್ಲಿ ಲೋರೆಂಡ್ರೌ, ಏವೆಂಡ್ರೌ ಎಂಬ ಹೊಸ ಡ್ರೌಗಳನ್ನು ತಂದರು. ಒಂದು ಗುಂಪು ದೂರದ ಕಾಡಿನಲ್ಲಿ, ಇನ್ನೊಂದು ಉತ್ತರದ ಹಿಮದಲ್ಲಿ. ಇವರಿಗೆ ಲೋಲ್ತ್‌ನ ಸೋಂಕಿಲ್ಲ. ಒಳ್ಳೆಯವರು ಅಲ್ಲಿ, ಕೆಟ್ಟವರು ಇಲ್ಲಿ. ಹಾಗಾದರೆ ಮೆಂಜೋಬೆರಾಂಜನ್‌ನ ಬೀದಿಯಲ್ಲಿ ಅಣಬೆ ಬೆಳೆಯುವ ಡ್ರೌ ಹೆಂಗಸಿನ ಕಥೆ ಏನು? ಅವಳ ಎದೆಯಲ್ಲೂ ಸಂಶಯವಿದೆ. ಅದನ್ನು ಆಡಿಸಿ ತೋರಿಸುವುದು ಕಷ್ಟ. ಹೊಸ ಊರು ಕಟ್ಟುವುದು ಸುಲಭ.

ಹೀಗೆ ಹೇಳುವುದಕ್ಕೆ ಕಾರಣವಿದೆ. ಕಷ್ಟದ ಕೆಲಸಕ್ಕೆ ಬೇಕಾದ ಸಾಮಾನು 1991ರಲ್ಲೇ ಗ್ರೀನ್‌ವುಡ್ ಕೊಟ್ಟಿದ್ದರು. ಆ ವರ್ಷ ಅವರು ಡ್ರೌಗಳ ಬಗ್ಗೆಯೇ ಬರೆದ ಪುಸ್ತಕದಲ್ಲಿ ಐಲಿಸ್ಟ್ರೇ ಎಂಬ ದೇವತೆ ಬಂದಳು. ಲೋಲ್ತ್‌ನ ಮಗಳೇ ಅವಳು. ಅವಳ ಭಕ್ತರು ಬೆಳದಿಂಗಳಲ್ಲಿ ಕತ್ತಿ ಹಿಡಿದು ಕುಣಿಯುತ್ತಾರೆ, ಹಾಡುತ್ತಾರೆ, ದಾರಿತಪ್ಪಿದವರಿಗೆ ಆಸರೆ ಕೊಡುತ್ತಾರೆ. ಅವಳ ಅಣ್ಣ ವೇರಾನ್‌ನ ಗುರುತು ಒಂದು ಅರ್ಧ ಮುಖವಾಡ. ಗಂಡಸರಿಗೂ ಸಮಪಾಲು ಬೇಕು ಎನ್ನುವ ಡ್ರೌಗಳು ಕದ್ದುಮುಚ್ಚಿ ಅವನನ್ನು ಪೂಜಿಸುತ್ತಾರೆ. ಅವನೇನೂ ಒಳ್ಳೆಯ ದೇವರಲ್ಲ, ಕಳ್ಳತನ ಕೊಲೆ ಎಲ್ಲ ಅವನಿಗೆ ಒಪ್ಪಿಗೆ. ಆದರೂ ಆ ಊರಿನ ಗಂಡಾಳಿಗೆ ತಲೆಯೆತ್ತಿ ನೋಡು ಎಂದು ಹೇಳಿದ ದೇವರು ಅವನೊಬ್ಬನೇ. ಹೀಗೆ ಒಂದೇ ಊರಿನೊಳಗೆ ಮೂರು ಪ್ರಾರ್ಥನೆ, ಎರಡು ಗುಟ್ಟಿನವು. ನಮ್ಮ ಮನೆತನದಲ್ಲೂ ಒಬ್ಬ ತಮ್ಮನ ದಿಂಬಿನ ಕೆಳಗೆ ಒಂದು ಮುಖವಾಡವಿದೆ. ಅಕ್ಕನಿಗೆ ಇನ್ನೂ ಗೊತ್ತಿಲ್ಲ.

ಇದೇ ಆಟದ ಬೇರೆ ಲೋಕಗಳ ಕಡೆ, ಬೇರೆ ಆಟಗಳ ಕಡೆ ಒಂದು ನೋಟ ಹಾಕಿದರೆ ‘ಡಾರ್ಕ್ ಎಲ್ಫ್’ ಅಂದರೆ ಒಂದೇ ಅರ್ಥವಲ್ಲ ಎಂದು ಗೊತ್ತಾಗುತ್ತದೆ. ಡ್ರ್ಯಾಗನ್‌ಲ್ಯಾನ್ಸ್ ಲೋಕದಲ್ಲಿ ಅದು ಜಾತಿಯೇ ಅಲ್ಲ. ತಮ್ಮವರು ಬೆಳಕಿನಿಂದ ಹೊರಹಾಕಿದ ಎಲ್ಫ್ ಯಾರೇ ಆಗಲಿ, ಅವನು ಡಾರ್ಕ್ ಎಲ್ಫ್. ಎಬೆರಾನ್ ಎಂಬ ಇನ್ನೊಂದು ಲೋಕದಲ್ಲಿ ಡ್ರೌಗಳು ಕಾಡಿನ ಜನ, ಅವರಲ್ಲಿ ಹಲವರ ದೇವರು ವಲ್ಕೂರ್ ಎಂಬ ಚೇಳು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದವರು ಮಾರೋವಿಂಡ್ ಎಂಬ ಕಂಪ್ಯೂಟರ್ ಆಟದ ಡಾರ್ಕ್ ಎಲ್ಫ್‌ಗಳಾದ ಡನ್ಮರ್‌ಗಳು. 2002ರ ಆಟ. ಬೂದಿ ಬಣ್ಣದ ಮೈ, ಕೆಂಪು ಕಣ್ಣು. ಇವರು ಗುಲಾಮರನ್ನು ಇಟ್ಟುಕೊಳ್ಳುತ್ತಾರೆ, ಹೊರಗಿನವರನ್ನು ಮುಖಕ್ಕೆ ಹೊಡೆದ ಹಾಗೆ ಬೈಯುತ್ತಾರೆ, ಸತ್ತ ಹಿರಿಯರನ್ನು ಎಡೆಬಿಡದೆ ನೆನೆಯುತ್ತಾರೆ. ಅಲ್ಮಲೆಕ್ಸಿಯಾ, ಸೋತಾ ಸಿಲ್, ವಿವೆಕ್ ಎಂಬ ಮೂವರು ಬದುಕಿರುವ ದೇವರುಗಳು ಅವರಿಗೆ. ವಿವೆಕ್ ನಗರದ ಮೇಲೆ ಆಕಾಶದಲ್ಲಿ ಒಂದು ದೊಡ್ಡ ಬಂಡೆ ನಿಂತಿದೆ. ದೇವರ ಶಕ್ತಿಯಿಂದ ನಿಂತಿದೆ ಎಂದು ಜನ ಕೈಮುಗಿಯುತ್ತಾರೆ. ಅದೇ ಬಂಡೆಯ ಒಳಗೆ ಧರ್ಮದ್ರೋಹಿಗಳ ಸೆರೆಮನೆ.

ಆ ಧರ್ಮದಲ್ಲಿ ಒಂದು ಯಾತ್ರೆಯಿದೆ. ಏಳು ಗುಡಿಗಳು. ಅದರಲ್ಲಿ ಒಂದು ವಿನಯದ ಗುಡಿ, ಹೊಲದ ನಡುವೆ. ಒಬ್ಬ ಬಡ ರೈತನ ದುಡಿಯುವ ಪ್ರಾಣಿ ಸತ್ತುಹೋಗಿತ್ತು, ಕೊಯ್ಲಿಗೆ ಗತಿಯಿರಲಿಲ್ಲ. ದೇವರಾದ ವಿವೆಕ್ ತನ್ನ ಒಳ್ಳೆಯ ಬಟ್ಟೆ ಕಳಚಿಟ್ಟು ಆ ಪ್ರಾಣಿಯ ಜಾಗದಲ್ಲಿ ತಾನೇ ದುಡಿದ. ಅದರ ನೆನಪಿಗೆ ಯಾತ್ರಿಕರು ಅಲ್ಲಿ ಮಕ್ ಎಂಬ ಅದೇ ಬೆಳೆಯನ್ನು ಒಂದಿಷ್ಟು ಇಟ್ಟು ಬರಬೇಕು. ಚಿನ್ನ ಇಟ್ಟರೆ ನಡೆಯುವುದಿಲ್ಲ. ಮೊದಲ ಸಲ ನಾನು ಅಲ್ಲಿಗೆ ಬರಿಗೈಯಲ್ಲಿ ಹೋಗಿದ್ದೆ. ವಾಪಸು ಹೋಗಿ, ಹುಡುಕಿ ತಂದು ಇಟ್ಟೆ. ಕೀ ಒತ್ತುತ್ತಿದ್ದ ಬೆರಳಿಗೂ ಅದು ಪೂಜೆ ಅನ್ನಿಸಿತು.

ಆಮೇಲೆ ಅದೇ ಆಟ ನಿಧಾನಕ್ಕೆ ಇನ್ನೊಂದು ಮಾತು ಹೇಳುತ್ತದೆ. ನೆರೆವಾರ್ ಎಂಬ ವೀರ ಯುದ್ಧದ ಗಾಯದಿಂದ ಸತ್ತ ಎನ್ನುತ್ತದೆ ಗುಡಿ. ಇಲ್ಲ, ಈ ಮೂವರೇ ಅವನನ್ನು ಕೊಂದು ದೇವರಾದರು ಎನ್ನುತ್ತಾರೆ ಬೂದಿ ಬಯಲಿನ ಅಲೆಮಾರಿ ಡನ್ಮರ್‌ಗಳು. ಗುಡಿಯ ಮಾತನ್ನು ಒಪ್ಪದ ಭಿನ್ನಮತೀಯ ಅರ್ಚಕರು ಮುಚ್ಚಿಟ್ಟ ಬರಹಗಳನ್ನು ಗುಟ್ಟಾಗಿ ಓದುತ್ತಾರೆ. ಯಾವುದು ನಿಜ ಎಂದು ಆಟ ಎಲ್ಲೂ ಮುದ್ರೆ ಒತ್ತಿ ಹೇಳುವುದಿಲ್ಲ. ಮಕ್ ಇಟ್ಟು ಬಂದ ಕೈಗೆ ಈ ಸಂಶಯವನ್ನೂ ಕೊಡುತ್ತದೆ. ಡಾರ್ಕ್ ಎಲ್ಫ್‌ಗಳ ಧರ್ಮ ಹೀಗೂ ಇರಬಹುದು: ಸಮಾಧಾನ ಕೊಡುವ ಗುಡಿ, ಸೆರೆಮನೆ ಇರುವ ಗುಡಿ, ಎರಡೂ ಒಂದೇ.

ಮಕ್ಕಳ ಬಗ್ಗೆ ಬರೆದ ಓದುಗರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಇದೇ ಭಯ ದೊಡ್ಡದಾಗಿ ಹಬ್ಬಿತ್ತು. ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆ ಎಂದು ಸಂಘ ಕಟ್ಟಿ ಹೋರಾಡಿದರು. 1989ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಎರಡನೆಯ ಆವೃತ್ತಿಯಲ್ಲಿ ಡೀಮನ್, ಡೆವಿಲ್ ಎಂಬ ಪದಗಳನ್ನೇ ಕೈಬಿಟ್ಟರು. ಆಮೇಲೆ ತನಾರಿ, ಬಾಟೆಜು ಎಂಬ ಹೊಸ ಹೆಸರು ಕೊಟ್ಟರು. ಹೆಸರು ಬದಲಾಯಿತು, ಲೋಲ್ತ್ ಎಲ್ಲಿಗೂ ಹೋಗಲಿಲ್ಲ. ಮೇಜಿನ ಮೇಲೆ ಪೂಜೆಯ ದೃಶ್ಯ ಬಂದರೆ ಆಡುವವರು ಭಕ್ತರಾಗುವುದಿಲ್ಲ. ಆ ಭಕ್ತಿ ಒಳಗಿನಿಂದ ಹೇಗೆ ಹಿಡಿದುಕೊಳ್ಳುತ್ತದೆ ಎಂದು ನೋಡುತ್ತಾರೆ. ಹಾಗಂತ ಇದು ಚಿಕ್ಕ ಮಕ್ಕಳ ಆಟವೂ ಅಲ್ಲ, ನಮ್ಮ ಮೇಜಿನಲ್ಲಿ ಎಲ್ಲರೂ ದೊಡ್ಡವರು. ಹತ್ತು ವರ್ಷದವರಿಗೆ ಡ್ರ್ಯಾಗನ್, ನಿಧಿ, ಒಗಟಿನ ಬಾಗಿಲು ಬೇಕಾದಷ್ಟಿವೆ.

ನಮ್ಮ ಐವರಲ್ಲಿ ಚಿಕ್ಕವನಿಗೆ ಮೊದಲೆಲ್ಲ ಜೇಡ ಕಂಡರೆ ಚಪ್ಪಲಿ ಹುಡುಕುವ ಅಭ್ಯಾಸ. ಹೋದ ವರ್ಷ ಒಂದು ರಾತ್ರಿ ಆಟದ ನಡುವೆ ದೀಪದ ಮೇಲೆ ಒಂದು ಜೇಡ ಬಂತು. ಅ‌ವನು ತನ್ನ ಪಾತ್ರದ ಹಾಳೆಯನ್ನು ಮಡಚಿ, ಅದರ ಮೇಲೆ ಜೇಡವನ್ನು ಹತ್ತಿಸಿಕೊಂಡು, ಕಿಟಕಿಯಿಂದ ಹೊರಗೆ ಬಿಟ್ಟು ಬಂದ. ಯಾರೂ ನಗಲಿಲ್ಲ. ಅರ್ಚಕಿ ಆಡುವ ಗೆಳತಿ ಮಾತ್ರ ಅವನಿಗೆ ತಲೆ ಬಾಗಿಸಿದಳು.

ಸಂಪಾದಕರೇ, ಮುಂದಿನ ಸಲ ಈ ಆಟಗಳ ಬಗ್ಗೆ ಬರೆಸುವಾಗ ಆ ಒಂದು ಸಾಲನ್ನು ಮೂರು ಸಾಲು ಮಾಡಿಸಿ. ಅವರ ಕಾನೂನಿಗೆ ಒಂದು, ಶಾಲೆಗೆ ಒಂದು, ಗುಡಿಗೆ ಒಂದು. ‘ಕುಲ’ ಎಂಬ ಪದ ಬೇಡ.

ಬರುವ ಭಾನುವಾರ ನಮ್ಮ ಆಟವಿದೆ. ಈಗ ಆ ಅರ್ಚಕಿಯೇ ಮನೆತನದ ಒಡತಿ. ಅವಳಿಗೆ ಇಬ್ಬರು ಗಂಡುಮಕ್ಕಳಿದ್ದಾರೆ, ಮೂರನೆಯದಕ್ಕೆ ದಿನ ತುಂಬಿದೆ. ನಿನ್ನೆ ರಾತ್ರಿ ಗೆಳತಿ ಫೋನ್ ಮಾಡಿ, ಬೇರೆ ಏನೂ ಮಾತಾಡದೆ, ಒಂದೇ ಪ್ರಶ್ನೆ ಕೇಳಿದಳು: ‘ಈ ಸಲ ಮಗುವಿಗೆ ಹೆಸರಿಡಬಹುದಾ?’

ಇಡಬಹುದು ಎಂದೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು